ಕನ್ನಡ-ಸ್ಪೀಕಿಂಗ್: ಒಂದು ವಿಶೇಷಣದ ಚರಿತ್ರೆ

ಹೊರನಾಡಿನಲ್ಲಿರುವ ನಮ್ಮನ್ನು ಸರ್ಕಾರಿ ಕಾಗದಪತ್ರಗಳು 'ಕನ್ನಡಿಗರು' ಎಂದು ಕರೆಯುವುದು ಅಪರೂಪ. ಜನಗಣತಿಯ ಕೋಷ್ಟಕ, ಗಡಿ ಆಯೋಗದ ವರದಿ, ಭಾಷಾ ಅಲ್ಪಸಂಖ್ಯಾತರ ಕುರಿತ ಸುತ್ತೋಲೆ ಮೊದಲಾದ ಕಡೆಗಳಲ್ಲೆಲ್ಲ ನಮಗಾಗಿ ಮೀಸಲಾಗಿರುವುದು ಇಂಗ್ಲಿಷಿನ ಒಂದು ಜೋಡುಪದ: 'ಕನ್ನಡ-ಸ್ಪೀಕಿಂಗ್'. ಹಿಂದೆ ಇದು 'ಕೆನರೀಸ್-ಸ್ಪೀಕಿಂಗ್' ಎಂದಿತ್ತು. ಅದರ ಕನ್ನಡ ರೂಪವಾಗಿ 'ಕನ್ನಡ ಭಾಷಿಕ' ಎಂಬುದು ನಮ್ಮ ಪತ್ರಿಕೆಗಳಲ್ಲಿ ರೂಢಿಗೆ ಬಂದಿದೆ. ಇಷ್ಟು ಸರಳವಾದ ಪದದಲ್ಲಿ ವಿಚಾರಿಸುವಂಥದ್ದೇನಿದೆ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಈ ಪದ ಒಂದು ಕಾಲಕ್ಕೆ ನಮಗೊಂದು ನಾಡನ್ನು ಗಳಿಸಿಕೊಟ್ಟಿತು, ಇನ್ನೊಂದು ಕಾಲಕ್ಕೆ ನಮ್ಮಲ್ಲಿ ಹಲವರನ್ನು ಆ ನಾಡಿನ ಗೆರೆಯಾಚೆ ನಿಲ್ಲಿಸಿತು.

ಮೊದಲು ಅದರ ರಚನೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಕರ್ಮಪದ ಆಮೇಲೆ. ಆದರೆ ಈ ಸಮಾಸದೊಳಗೆ ಬಂದಾಗ ಆ ಭಾಷೆ ತನ್ನ ಕ್ರಮವನ್ನು ತಿರುಗಿಸಿ, 'ಕನ್ನಡ ಮಾತಾಡುವ' ಎಂಬ ನಮ್ಮ ಕ್ರಮವನ್ನೇ ಹಿಡಿಯುತ್ತದೆ. ನಮ್ಮ ವೈಯಾಕರಣರ ಲೆಕ್ಕದಲ್ಲಿ ಇದು ಮೃದುಭಾಷಿ, ಮಿತಭಾಷಿ, ಸತ್ಯವಾದಿ ಎಂಬ ಪದಗಳ ಜಾತಿಗೆ ಸೇರಿದ್ದು. ಒಂದೇ ವ್ಯತ್ಯಾಸವೆಂದರೆ, ನಮ್ಮ ಹಳೆಯ ಪದಗಳಲ್ಲಿ 'ಭಾಷಿ' ಎಂಬುದರ ಹಿಂದೆ ಬರುತ್ತಿದ್ದುದು ಮಾತಿನ ಗುಣ. ಆಡುವವನು ಯಾವ ಭಾಷೆಯವನೆಂಬುದಕ್ಕಿಂತ ಹೇಗೆ ಆಡುತ್ತಾನೆಂಬುದೇ ಅಲ್ಲಿ ಮುಖ್ಯ. ಇಂಗ್ಲಿಷಿನಲ್ಲೂ 'ವೆಲ್-ಸ್ಪೋಕನ್', 'ಸಾಫ್ಟ್-ಸ್ಪೋಕನ್' ಮುಂತಾದ ಪದಗಳು ಹೇಳುವುದು ಮಾತಿನ ಗುಣವನ್ನೇ. ಮನುಷ್ಯರನ್ನು ಅವರ ಭಾಷೆಯ ಮೇಲೆ ಗುಂಪುಮಾಡಿ ಹೆಸರಿಸುವ 'ಸ್ಪೀಕಿಂಗ್' ಸಮಾಸ ಬಲ ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಕಾರಣವೂ ಇತ್ತು.

ಆ ಹೊತ್ತಿಗೆ ಇಂಗ್ಲಿಷರ ಮುಂದೆ ಹೆಸರಿಲ್ಲದ ಒಂದು ಸಮುದಾಯ ನಿಂತಿತ್ತು. ಅಮೆರಿಕದವರು ಇಂಗ್ಲೆಂಡಿನ ದೊರೆಯ ಪ್ರಜೆಗಳಲ್ಲ. ಕೆನಡಾ, ಆಸ್ಟ್ರೇಲಿಯಾದವರು ಇಂಗ್ಲೆಂಡಿನಲ್ಲಿ ಹುಟ್ಟಿದವರಲ್ಲ. ಐರಿಷರನ್ನು ಇಂಗ್ಲಿಷರೆಂದರೆ ಜಗಳ. ರಾಜ್ಯ, ರಕ್ತ, ನೆಲ ಈ ಮೂರರಲ್ಲಿ ಯಾವುದೂ ಒಟ್ಟುಗೂಡಿಸದ ಜನರನ್ನು ಒಂದೇ ಮಾತಿನಲ್ಲಿ ಹಿಡಿಯಬೇಕಾದಾಗ ಉಳಿದದ್ದು ನಾಲಿಗೆಯೊಂದೇ. ಚಾರ್ಲ್ಸ್ ಡಿಲ್ಕ್ ಎಂಬ ತರುಣ 1866 ಮತ್ತು 1867ರಲ್ಲಿ ಭೂಮಿಯನ್ನು ಸುತ್ತಿಬಂದು 1868ರಲ್ಲಿ 'ಗ್ರೇಟರ್ ಬ್ರಿಟನ್' ಎಂಬ ಪ್ರವಾಸ ಗ್ರಂಥವನ್ನು ಪ್ರಕಟಿಸಿದ. ಅದರ ಉಪಶೀರ್ಷಿಕೆಯಲ್ಲಿ ತಾನು ಸುತ್ತಿದ್ದು 'ಇಂಗ್ಲಿಷ್-ಸ್ಪೀಕಿಂಗ್' ದೇಶಗಳನ್ನು ಎಂದು ಹೇಳಿಕೊಂಡಿದ್ದಾನೆ. ಸ್ವಾರಸ್ಯವೇನೆಂದರೆ ಆ ಗ್ರಂಥದಲ್ಲಿ ಭಾರತದ ಪ್ರವಾಸವೂ ಸೇರಿದೆ. ಆಳುವವನು ಮಾತಾಡಿದ ಕಡೆಯೆಲ್ಲ ಅವನ ಭಾಷೆಯ ದೇಶ ಎಂದಾಯಿತು! 1918ರಲ್ಲಿ ಲಂಡನ್ನಿನಲ್ಲಿ 'ಇಂಗ್ಲಿಷ್-ಸ್ಪೀಕಿಂಗ್ ಯೂನಿಯನ್' ಹುಟ್ಟಿತು. ಚರ್ಚಿಲ್ ಬರೆದ ನಾಲ್ಕು ಸಂಪುಟಗಳ ಇತಿಹಾಸವೂ, 1956ರಿಂದ 1958ರ ನಡುವೆ, ಇದೇ ವಿಶೇಷಣವನ್ನು ಹೊತ್ತು ಬಂತು. ಹೀಗೆ ಇಂಗ್ಲಿಷರ ಕೈಯಲ್ಲಿ ಈ ಪದ ಗಡಿಗಳನ್ನು ದಾಟುವ ಪದವಾಗಿತ್ತು. ಚದುರಿದವರನ್ನು ಒಟ್ಟು ಮಾಡಲು ಅದು ಬಳಕೆಯಾಯಿತು.

ನಮ್ಮಲ್ಲಿ ಅದು ಬಂದ ದಾರಿ ಬೇರೆ. ಅದನ್ನು ತಿಳಿಯಬೇಕಾದರೆ ಕನ್ನಡ ನಾಡಿಗೆ ಇಂಗ್ಲಿಷಿನಲ್ಲಿ ಹೆಸರಿಲ್ಲದೆ ಹೋದ ವಿಚಿತ್ರ ಸಂಗತಿಯನ್ನು ನೋಡಬೇಕು.

ನಮ್ಮ ಹಳೆಯ ಬಳಕೆಯಲ್ಲಿ ನಾಡಿಗೂ ನುಡಿಗೂ ಒಂದೇ ಹೆಸರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ಮೂಲಕವೇ ಗುರುತಿಸುತ್ತದೆ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನೆಲವನ್ನು ತಿರುಳ್ಗನ್ನಡದ ನೆಲವೆಂದು ಎತ್ತಿ ಹೇಳುತ್ತದೆ. ಆ ಗ್ರಂಥಕ್ಕೆ 'ಮಾತಾಡುವ' ಎಂಬ ವಿಶೇಷಣದ ಅಗತ್ಯವೇ ಬೀಳಲಿಲ್ಲ. ಆದರೆ ಕಂಪನಿಯ ಇಂಗ್ಲಿಷರು ಬರುವ ವೇಳೆಗೆ 'ಕರ್ನಾಟಕ' ಎಂಬ ಹೆಸರು ವಿಜಯನಗರದ ಬಾಲ ಹಿಡಿದು ಪೂರ್ವ ಕರಾವಳಿಗೆ ಸರಿದುಹೋಗಿತ್ತು. ಅವರು 'ಕರ್ನಾಟಿಕ್' ಎಂದದ್ದು ಆರ್ಕಾಟಿನ ನವಾಬನ ಸೀಮೆಯನ್ನು. ಹದಿನೆಂಟನೆಯ ಶತಮಾನದ ಕರ್ನಾಟಿಕ್ ಯುದ್ಧಗಳು ನಡೆದದ್ದು ಬಹುಪಾಲು ತಮಿಳು ನೆಲದಲ್ಲಿ. ಇತ್ತ 'ಕೆನರಾ' ಎಂಬ ಹೆಸರು ಪೋರ್ಚುಗೀಸರ ಬಾಯಿಂದ ಬಂದು ಪಶ್ಚಿಮ ಕರಾವಳಿಗೆ ಅಂಟಿಕೊಂಡಿತು. ದಕ್ಷಿಣದಲ್ಲಿ ಮೈಸೂರಿಗೆ ಅರಸನಿದ್ದ, ಆದ್ದರಿಂದ ಹೆಸರೂ ಇತ್ತು. ಉಳಿದದ್ದು ನಡುವಿನ ಬಯಲು: ಧಾರವಾಡ, ಬೆಳಗಾವಿ, ವಿಜಾಪುರ. ಅಲ್ಲಿ ಕನ್ನಡದ ಹೊರತು ಬೇರೆ ಮಾತು ಹೊಲಗದ್ದೆಗಳಲ್ಲಿ ಕೇಳುವುದು ಕಡಿಮೆ. ಆ ನೆಲಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಸದರ್ನ್ ಮರಾಠಾ ಕಂಟ್ರಿ', ಎಂದರೆ ದಕ್ಷಿಣದ ಮರಾಠಾ ಸೀಮೆ.

ಈ ಹೆಸರಿನ ಮೂಲ ಪುಣೆಯಲ್ಲಿದೆ. 1817ರ ನವೆಂಬರ್ 5ರಂದು ಖಡಕಿಯ ಬಯಲಿನಲ್ಲಿ ಪೇಶ್ವೆಯ ಸೈನ್ಯ ಸೋತಿತು. ಮರುವರ್ಷ ಪೇಶ್ವಾಯಿಯೇ ಮುಗಿಯಿತು. ಪುಣೆಯ ಶನಿವಾರವಾಡೆಗೆ ಕಂದಾಯ ಕಟ್ಟುತ್ತಿದ್ದ, ಪಟವರ್ಧನ ಮೊದಲಾದ ಸರದಾರರು ಆಳುತ್ತಿದ್ದ ಕೃಷ್ಣೆಯ ದಕ್ಷಿಣದ ಪ್ರದೇಶವನ್ನು ಕಂಪನಿಯವರು ಅದರ ಒಡೆಯರ ಹೆಸರಿನಿಂದ ಕರೆದರು. ಅಲ್ಲಿ ಉಳುವವರ ಭಾಷೆಯಿಂದ ಕರೆಯಲಿಲ್ಲ. ಅದರಲ್ಲಿ ದುರುದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಗುಮಾಸ್ತನಾದವನಿಗೆ ಹಳೆಯ ಕಡತದ ಹೆಸರನ್ನೇ ಹೊಸ ಕಡತಕ್ಕೆ ಇಡುವುದು ಸಹಜ, ಆ ಅಭ್ಯಾಸ ಇಂದಿಗೂ ನಮ್ಮ ಕಚೇರಿಗಳಲ್ಲಿದೆ. ಆದರೆ ಹೆಸರು ಒಮ್ಮೆ ನಿಂತ ಮೇಲೆ ಕೆಲಸ ಮಾಡತೊಡಗುತ್ತದೆ. ಸೀಮೆ ಮರಾಠಾ ಎಂದಮೇಲೆ ಶಾಲೆ ಮರಾಠಿಯದಾಯಿತು, ಕಚೇರಿಯ ಬರಹ ಮೋಡಿ ಲಿಪಿಯಲ್ಲಿ ನಡೆಯಿತು. ಧಾರವಾಡದ ಕಡೆ ಸರ್ಕಾರ ಮೊದಲಿಗೆ ತೆರೆದದ್ದು ಮರಾಠಿ ಶಾಲೆಗಳನ್ನು. ಮನೆಯಲ್ಲಿ ಕನ್ನಡ ಆಡುವ ಹುಡುಗ ಅಕ್ಷರ ಕಲಿಯಬೇಕಾದರೆ ಮರಾಠಿಯಲ್ಲಿ ಕಲಿಯಬೇಕು. ಮುಂದೆ ರೈಲು ಬಂದಾಗ ಅದೂ 'ಸದರ್ನ್ ಮರಾಠಾ ರೈಲ್ವೆ'ಯೇ. 1882ರಲ್ಲಿ ಹುಟ್ಟಿದ ಆ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಬೆಳಗಾವಿ, ಮೀರಜಗಳ ಮೇಲೆ ಪುಣೆಗೆ ಓದಲು ಬರುತ್ತಿದ್ದ ಕನ್ನಡದ ತರುಣರು ಹಿಡಿದ ಚೀಟಿಯ ಮೇಲೂ ಆ ಹೆಸರೇ ಇದ್ದಿರಬೇಕು.

ಇದನ್ನು ತಿದ್ದಲು ಹೊರಟವರಲ್ಲಿ ಮೊದಲಿಗರೆಂದು ಡೆಪ್ಯುಟಿ ಚನ್ನಬಸಪ್ಪನವರನ್ನು ಹೇಳಬೇಕು. ಅವರೂ ಪುಣೆಯಲ್ಲಿ ಓದಿ ಬಂದವರು. ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿ, ರಸೆಲ್ ಎಂಬ ಮೇಲಧಿಕಾರಿಯ ಬೆಂಬಲ ಪಡೆದು, ಕನ್ನಡ ಶಾಲೆಗಳನ್ನು ಹೆಚ್ಚಿಸಿದರು, ಧಾರವಾಡದ ಶಿಕ್ಷಕರ ತರಬೇತಿ ಶಾಲೆಯನ್ನು ಕನ್ನಡದ ಕಡೆಗೆ ತಿರುಗಿಸಿದರು. ಶೇಕ್ಸ್‌ಪಿಯರನ ಒಂದು ನಗೆನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. 1881ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಅವರ ವಾದ ಸರಳವಾಗಿತ್ತು: ಸೀಮೆಗೆ ಯಾರದೇ ಹೆಸರಿರಲಿ, ಇಲ್ಲಿನ ಜನ ಆಡುವುದು ಕನ್ನಡ. ಹೆಸರಿನ ಎದುರಿಗೆ ನಾಲಿಗೆಯ ಸಾಕ್ಷ್ಯವನ್ನು ಇಡುವ ಈ ವಾದದಿಂದಲೇ ನಮ್ಮ ವಿಶೇಷಣಕ್ಕೆ ಜೀವ ಬಂತು. ಅವರು ತೀರಿಕೊಂಡ ಮರುವರ್ಷ, 1882ರಲ್ಲಿ, ಜೆ. ಎಫ್. ಫ್ಲೀಟ್ ಬರೆದ ರಾಜವಂಶಗಳ ಚರಿತ್ರೆ ಹೊರಬಂದಿತು. ಅದರ ಶೀರ್ಷಿಕೆಯಲ್ಲಿ ಮರಾಠಾ ಸೀಮೆ ಇಲ್ಲ, 'ಮುಂಬಯಿ ಪ್ರಾಂತ್ಯದ ಕೆನರೀಸ್ ಜಿಲ್ಲೆಗಳು' ಎಂದಿದೆ. ಶಾಸನಗಳನ್ನು ಓದಿದ ವಿದ್ವಾಂಸನಿಗೆ ಬೇರೆ ಹೆಸರು ಬರೆಯಲು ಮನಸ್ಸು ಒಪ್ಪಲಿಲ್ಲವೇನೋ. 'ಕೆನರೀಸ್' ಎಂಬುದೂ ಎರವಲು ಉಚ್ಚಾರವೇ. ಕಿಟ್ಟೆಲ್ ಮಾತ್ರ 1894ರ ತಮ್ಮ ನಿಘಂಟನ್ನು ಧೈರ್ಯವಾಗಿ 'ಕನ್ನಡ-ಇಂಗ್ಲಿಷ್' ಎಂದು ಕರೆದರು. ಅದಕ್ಕೆ ಆರು ದಶಕ ಮೊದಲು ರೀವ್ ಮಾಡಿದ ನಿಘಂಟು 'ಕರ್ನಾಟಕ' ಭಾಷೆಯದಾಗಿತ್ತು.

ಇಲ್ಲಿಂದ ಮುಂದೆ ಈ ಪದ ಪಂಡಿತರ ಕೈಯಿಂದ ಚಳವಳಿಯವರ ಕೈಗೆ ದಾಟುತ್ತದೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಏಕೀಕರಣದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ತಿಲಕರ ಪ್ರಭಾವದಲ್ಲಿ ಬೆಳೆದ ಅವರು ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ಅನುವಾದಿಸಿದರು. ಮಹಾರಾಷ್ಟ್ರಕ್ಕೆ ಒಂದು ಇತಿಹಾಸದ ಅಭಿಮಾನವಿರುವುದನ್ನು ಪುಣೆಯಲ್ಲಿ ಕಣ್ಣಾರೆ ಕಂಡೇ ಅವರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದರೆಂದು ನನ್ನ ಎಣಿಕೆ. ಪುಣೆಗೆ ನಮ್ಮ ಏಕೀಕರಣ ಎಷ್ಟು ಋಣಿಯಾಗಿದೆ ಎಂಬುದನ್ನು ಎರಡೂ ಕಡೆಯವರು ಹೇಳಲು ಹಿಂಜರಿಯುತ್ತಾರೆ. ಆದರೆ ಆಲೂರರ ಭಾವ ಒಂದು, ಅರ್ಜಿಯ ಭಾಷೆ ಇನ್ನೊಂದು. ಗತವೈಭವವನ್ನು ಯಾವ ಆಯೋಗವೂ ಪುರಾವೆಯಾಗಿ ಸ್ವೀಕರಿಸುವುದಿಲ್ಲ. ಅದು ಕೇಳುವುದು ಎಷ್ಟು ಜನ, ಎಷ್ಟು ಶೇಕಡಾ, ಯಾವ ತಾಲ್ಲೂಕು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ್ಯ ಸಮಿತಿಗಳನ್ನು ಭಾಷೆಯ ಮೇಲೆ ಮರುಹೊಂದಿಸಲು ಒಪ್ಪಿದ ನಂತರ ವೈಭವದ ಭಾಷೆ ಸಭೆಗಳಲ್ಲಿ ಉಳಿಯಿತು, 'ಕನ್ನಡ-ಸ್ಪೀಕಿಂಗ್ ಏರಿಯಾ' ಎಂಬುದು ಮನವಿಗಳನ್ನು ಸೇರಿತು.

ಆ ಪದಪುಂಜವನ್ನು ನಿಧಾನವಾಗಿ ಓದಿ ನೋಡಬೇಕು. ಜನ ಮಾತಾಡುತ್ತಾರೆ, ನೆಲ ಮಾತಾಡುವುದಿಲ್ಲ. ನಡುವಿನ ಅಡ್ಡಗೆರೆಯನ್ನು ತೆಗೆದುಬಿಟ್ಟರಂತೂ ಕನ್ನಡದ್ದೊಂದು ಮಾತಾಡುವ ಪ್ರದೇಶವಿದೆ ಎಂಬಂತೆ ಕಾಣುತ್ತದೆ, ಬೇತಾಳನ ಕತೆಯ ಶವದ ಹಾಗೆ. ಆದರೂ ಈ ವಿಶೇಷಣವನ್ನು ಮನುಷ್ಯರಿಂದ ಬಿಡಿಸಿ ನೆಲಕ್ಕೆ ಹೊಲಿದದ್ದೇ ನಮ್ಮ ಇಪ್ಪತ್ತನೆಯ ಶತಮಾನದ ರಾಜಕೀಯದ ದೊಡ್ಡ ಕೆಲಸ. ಡಿಲ್ಕನ ಕೈಯಲ್ಲಿ ಗಡಿ ದಾಟಿದ ಪದ ಇಲ್ಲಿ ಗಡಿ ಎಳೆಯಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದ ಸೀಮೆಗೆ ಬೇರೆ ಆಧಾರವೇ ಇರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಜನ ಒಂದಾಗಲು ತೋರಿಸಬಹುದಾದ ಗುರುತು ನಾಲಿಗೆಯೊಂದೇ ಆಗಿತ್ತು.

1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರೂ, ಪಣಿಕ್ಕರ್ ಈ ಮೂವರಿದ್ದರು. 1955ರ ಸೆಪ್ಟೆಂಬರಿನಲ್ಲಿ ವರದಿ ಬಂತು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯವಾಯಿತು. ಒಂದು ಭಾಷೆಯವರು ಸುಮಾರು ಶೇಕಡಾ 70ರಷ್ಟಿದ್ದರೆ ಮಾತ್ರ ಏಕಭಾಷಾ ಪ್ರದೇಶವೆಂದು ಗಣಿಸಬೇಕು, ಶೇಕಡಾ 30ರಷ್ಟು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಾ ಪ್ರದೇಶವೆನ್ನಬೇಕು ಎಂಬ ಲೆಕ್ಕಾಚಾರ ಆ ಕಾಲದ್ದು. ಲೆಕ್ಕ ಬಂದಕೂಡಲೇ ಹಳ್ಳಿಯೂ ಬಂತು. ಹಳ್ಳಿಯನ್ನೇ ಘಟಕವಾಗಿ ಹಿಡಿದು, ಯಾವ ಹಳ್ಳಿಯಲ್ಲಿ ಯಾವ ಭಾಷೆಯವರು ಹೆಚ್ಚೋ ಆ ರಾಜ್ಯಕ್ಕೆ ಅದನ್ನು ಸೇರಿಸಬೇಕೆಂದು ಮಹಾರಾಷ್ಟ್ರ ವಾದಿಸಿತು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಆ ಸೂತ್ರವನ್ನು ಹಾಗೆಯೇ ಒಪ್ಪಲಿಲ್ಲ. ಬೆಳಗಾವಿ ಇದ್ದಲ್ಲೇ ಇರಲಿ, ನಿಪ್ಪಾಣಿ, ನಂದಗಡ, ಖಾನಾಪುರಗಳು ಅತ್ತ ಹೋಗಲಿ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಹಲವು ಹಳ್ಳಿಗಳು, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಇತ್ತ ಬರಲಿ ಎಂದಿತು. ಏನೂ ಹೋಗಲಿಲ್ಲ, ಏನೂ ಬರಲಿಲ್ಲ. ಪ್ರಕರಣ ಸರ್ವೋಚ್ಚ ನ್ಯಾಯಾಲಯದಲ್ಲಿದೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ನಾಡಿಗೆ ತನ್ನ ಹೆಸರು ಮರಳಿ ಬಂದಮೇಲೆ ಒಳನಾಡಿನಲ್ಲಿ ಈ ವಿಶೇಷಣದ ಕೆಲಸ ಬಹುಮಟ್ಟಿಗೆ ತೀರಿತು. ಬೆಂಗಳೂರಿನಲ್ಲಿ ಯಾರನ್ನಾದರೂ ಕನ್ನಡ-ಸ್ಪೀಕಿಂಗ್ ಎಂದರೆ ಅವನು ಬೇರೆ ಕಡೆಯಿಂದ ಬಂದು ಕನ್ನಡ ಕಲಿತವನಿರಬೇಕೆಂದು ಕೇಳಿದವರಿಗೆ ಅನ್ನಿಸುತ್ತದೆ. ಆ ಪದ ಈಗ ಉಳಿದಿರುವುದು ಗೆರೆಯ ಈಚೆಗಿರುವ ನಮ್ಮಂಥವರಿಗೆ. 2011ರ ಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ನಾವು ಸುಮಾರು ಹತ್ತು ಲಕ್ಷ.

ಆ ಹತ್ತು ಲಕ್ಷ ಜನ ನಿಜವಾಗಿ ಕನ್ನಡ ಆಡುವವರೆ? ವಿಶೇಷಣದ ವ್ಯಾಕರಣಕ್ಕೂ ಗಣತಿಯ ವ್ಯವಹಾರಕ್ಕೂ ಇರುವ ಬಿರುಕು ಕಾಣುವುದು ಈ ಪ್ರಶ್ನೆಯಲ್ಲಿ. 'ಸ್ಪೀಕಿಂಗ್' ಎಂಬುದು ವರ್ತಮಾನ ಕೃದಂತ. ಆಡುತ್ತಿರುವ ಎಂದು ಅದರ ಅರ್ಥ. ಗಣತಿ ಮಾತ್ರ ಈ ಪ್ರಶ್ನೆಯನ್ನು ನೂರು ವರ್ಷಗಳಲ್ಲಿ ಹಲವು ಬಗೆಯಲ್ಲಿ ಕೇಳಿದೆ. 1881ರಲ್ಲಿ ಮಾತೃಭಾಷೆ ಎಂದು ಕೇಳಿದರು, 1891ರಲ್ಲಿ ಹೆತ್ತವರ ಭಾಷೆ ಎಂದರು, 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ ಯಾವುದೆಂದರು, 1931ರ ಹೊತ್ತಿಗೆ ಮತ್ತೆ ಮಾತೃಭಾಷೆಗೆ ಬಂದರು. ಈಚಿನ ಗಣತಿಗಳಲ್ಲಿ ನಿಂತಿರುವ ವ್ಯಾಖ್ಯೆ ಹೀಗಿದೆ: ವ್ಯಕ್ತಿಯ ಬಾಲ್ಯದಲ್ಲಿ ಅವನ ತಾಯಿ ಅವನೊಡನೆ ಆಡಿದ ಭಾಷೆ ಮಾತೃಭಾಷೆ, ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಕೋಷ್ಟಕದಲ್ಲಿ ಯಾರನ್ನು ಕನ್ನಡ-ಸ್ಪೀಕಿಂಗ್ ಎಂದು ಬರೆಯುತ್ತಾರೋ ಅವನು ಬಾಯಿ ತೆರೆಯಬೇಕೆಂದೇ ಇಲ್ಲ. ಆಡಿದವಳು ತಾಯಿ, ಅವನು ಕೇಳಿದ್ದರೆ ಸಾಕು.

ಈ ವ್ಯಾಖ್ಯೆಯನ್ನು ಹಿಡಿದು ನಮ್ಮ ಸಾಹಿತ್ಯವನ್ನು ಎಣಿಸಲು ಹೊರಟರೆ ಸಿಕ್ಕುವ ಫಲ ತಮಾಷೆಯದು. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಫರ್ಗ್ಯುಸನ್ನಿನಲ್ಲಿ ಓದಿ 1918ರಲ್ಲಿ ಪದವಿ ಪಡೆದವರು, ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿದವರು. ಮಾಸ್ತಿಯವರ ಮನೆಮಾತು ತಮಿಳು. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಗಿರೀಶ ಕಾರ್ನಾಡರದೂ ಕೊಂಕಣಿಯೇ; 1974-75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದಾಗ ಗಣತಿದಾರನೊಬ್ಬ ಅವರ ಬಾಗಿಲು ತಟ್ಟಿದ್ದರೆ ಕನ್ನಡಕ್ಕೆ ಒಬ್ಬ ಕಡಿಮೆಯಾಗುತ್ತಿದ್ದ. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಮೂರು ಈ ಲೆಕ್ಕದಲ್ಲಿ ಅನ್ಯಭಾಷಿಕರವು. ಇನ್ನೊಂದು ಕಡೆ ನೀಲಗಿರಿಯ ಬಡಗರಿದ್ದಾರೆ. ತಮ್ಮ ಮಾತು ಬಡಗ ಎಂದು ಅವರು ಹೇಳುತ್ತಾರೆ. ಗಣತಿಯ ಕೋಷ್ಟಕ ಅವರನ್ನೂ ಕನ್ನಡದ ಕೆಳಗೆ ಕೂಡಿಸಿಕೊಳ್ಳುತ್ತದೆ. ಕೇಳದವರನ್ನು ಸೇರಿಸಿ, ಬರೆದವರನ್ನು ಬಿಟ್ಟ ಪಟ್ಟಿ ಇದು.

ಕನ್ನಡದ 'ಇಗ' ಪ್ರತ್ಯಯ ಇಂಥ ಸಂದರ್ಭದಲ್ಲಿ ಹೆಚ್ಚು ಉದಾರವಾಗಿದೆ. ಗಾಣವಾಡಿಸುವವನು ಗಾಣಿಗ, ಲೆಕ್ಕ ಬರೆಯುವವನು ಲೆಕ್ಕಿಗ. ಅವನ ತಾಯಿ ಗಾಣ ಆಡಿಸಿದ್ದಳೇ ಎಂದು ಆ ಪ್ರತ್ಯಯ ವಿಚಾರಿಸುವುದಿಲ್ಲ, ಅವನು ಮಾಡುವ ಕೆಲಸವನ್ನು ನೋಡುತ್ತದೆ. ಈ ಅರ್ಥದಲ್ಲಿ ಬೇಂದ್ರೆ ಕನ್ನಡಿಗರು, ಸಂದೇಹವಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲೂ ಬರೆದರು, ಕನ್ನಡದಲ್ಲೂ ಬರೆದರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಗಡಿಯಾಚೆಯಿಂದ ಬಂದವರೆಂಬುದು ನೆನಪಿಡಬೇಕಾದ ಮಾತು. ಪುಣೆಯವರಿಗೆ ಭೀಮಸೇನ ಜೋಶಿಯವರ ಉದಾಹರಣೆ ಸಾಕು. ಗದಗಿನ ಕಡೆಯ ಹುಡುಗ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ, ಇದೇ ಊರಿನಲ್ಲಿ ನೆಲೆಸಿ 1953ರಿಂದ ಗುರುವಿನ ಹೆಸರಿನ ಉತ್ಸವವನ್ನು ನಡೆಸಿದವರು. ಅವರು ಮರಾಠಿ ಅಭಂಗಗಳ ಸಂತವಾಣಿಯನ್ನೂ ಹಾಡಿದರು, ಕನ್ನಡ ಪದಗಳ ದಾಸವಾಣಿಯನ್ನೂ ಹಾಡಿದರು. ಮರಾಠಿ ಮನೆಗಳಲ್ಲಿ ದಾಸರ ಹೆಸರು ಬಲ್ಲವರನೇಕರು ಅದನ್ನು ಕಲಿತದ್ದು ಅವರ ಕಂಠದಿಂದ.

ಕೇಂದ್ರ ಸರ್ಕಾರದ ನೌಕರನಾಗಿ ನನಗೆ ಇನ್ನೊಂದು ಜೋಡುಪದದ ಪರಿಚಯ ಉಂಟು: 'ನಾನ್-ಹಿಂದಿ-ಸ್ಪೀಕಿಂಗ್'. 1968ರ ರಾಜಭಾಷಾ ನಿರ್ಣಯ ದೇಶವನ್ನು ಹಿಂದಿ ಆಡುವ ಮತ್ತು ಆಡದ ಪ್ರದೇಶಗಳೆಂದು ಎರಡು ಮಾಡಿತು. 1976ರ ನಿಯಮಗಳು ಅದನ್ನು ಮೂರು ಮಾಡಿದವು. ಮಹಾರಾಷ್ಟ್ರ 'ಖ' ವರ್ಗದಲ್ಲಿದೆ, ಕರ್ನಾಟಕ 'ಗ' ವರ್ಗದಲ್ಲಿದೆ. ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾದವನು ಒಂದು ರಾತ್ರಿಯ ರೈಲಿನಲ್ಲಿ ಅಕ್ಷರಮಾಲೆಯಲ್ಲಿ ಒಂದು ಮೆಟ್ಟಿಲು ಹತ್ತುತ್ತಾನೆ. ನಿಷೇಧದಿಂದ ಹುಟ್ಟಿದ ಈ ವಿಶೇಷಣ ತಮಿಳನನ್ನೂ ಬಂಗಾಳಿಯನ್ನೂ ನನ್ನನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತದೆ, ನಾವು ಏನನ್ನು ಆಡುತ್ತೇವೆಂಬುದನ್ನು ಮಾತ್ರ ಹೇಳುವುದಿಲ್ಲ. ಸೆಪ್ಟೆಂಬರಿನ ಹಿಂದಿ ಪಖವಾಡದಲ್ಲಿ ಪ್ರಬಂಧ ಸ್ಪರ್ಧೆಯ ಬಹುಮಾನಗಳು ಬಹಳ ಸಲ ಈ ಬೆಂಚಿನವರಿಗೇ ಬರುವುದನ್ನು ಕಂಡಿದ್ದೇನೆ. ಅದು ಬೇರೆ ಕತೆ.

ಪದದ ಇನ್ನೊಂದು ಜೀವನ ಶಾಲೆಯಲ್ಲಿದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ್ದು. ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಗಳು ನಡೆದುಬಂದಿರುವುದು ಈ ಬಗೆಯ ರಕ್ಷಣೆಯಿಂದ. ಅಲ್ಲಿ ಹೊಲ, ಸಂತೆ, ಮಠ, ಮದುವೆಗಳೆಲ್ಲ ಕನ್ನಡದಲ್ಲಿ ನಡೆಯುವುದರಿಂದ ವಿಶೇಷಣಕ್ಕೂ ವಸ್ತುಸ್ಥಿತಿಗೂ ಅಂತರ ಕಡಿಮೆ. ಪುಣೆಯಂಥ ನಗರದ ಮಾತು ಹಾಗಲ್ಲ. ಇಲ್ಲಿ ಹತ್ತು ಮಕ್ಕಳು ಒಂದೇ ತರಗತಿಗೆ ಸೇರಬೇಕಾದರೆ ಹತ್ತು ಬಡಾವಣೆಗಳಿಂದ ಬರಬೇಕು. ಮೇಲಾಗಿ ತಂದೆತಾಯಿ ಅರಸುವುದು ಇಂಗ್ಲಿಷ್ ಮಾಧ್ಯಮವನ್ನು. ಅದಕ್ಕಾಗಿ ಅವರನ್ನು ದೂರುವ ಅಧಿಕಾರ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಅದರ ಅನ್ನ ಉಣ್ಣುತ್ತಿರುವ ನನಗಿಲ್ಲ.

ನನ್ನ ಮನೆಯ ಲೆಕ್ಕವನ್ನೇ ಹೇಳುತ್ತೇನೆ, ಏಕೆಂದರೆ ಈ ಊರಿನಲ್ಲಿ ಇದು ಸಾವಿರಾರು ಮನೆಗಳ ಲೆಕ್ಕ. ನನ್ನ ಹೆಂಡತಿ ಸೊಲ್ಲಾಪುರದವಳು. ಹುಟ್ಟಿದ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅತ್ತೆಯೊಡನೆ, ನನ್ನೊಡನೆ ಕನ್ನಡ ಆಡುತ್ತಾಳೆ. ಮಗಳೊಡನೆ ಅವಳ ಮಾತು ಮರಾಠಿಯಲ್ಲಿ ಆರಂಭವಾಗಿ, ಸಿಟ್ಟು ಬಂದಾಗ ಕನ್ನಡಕ್ಕೆ ತಿರುಗುತ್ತದೆ. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಮುಂದಿನ ಗಣತಿಯಲ್ಲಿ ಇವಳ ಮಾತೃಭಾಷೆ ಏನೆಂದು ಬರೆಸುವುದು ಎಂಬ ಪ್ರಶ್ನೆ ಒಂದು ದಿನ ಊಟದ ಹೊತ್ತಿಗೆ ಬಂತು. ಕೈಪಿಡಿಯ ವ್ಯಾಖ್ಯೆಯನ್ನು ನಾನು ವಿವರಿಸಿದೆ.

"ತಾಯಿ ಮಾತಾಡಿದ್ದಂದ್ರ ನಾ ಮಾತಾಡಿದ್ದ ಹೌದಲ್ರೀ? ನಾ ಎರಡೂ ಮಾತಾಡೇನಿ. ಎರಡೂ ಬರಸ್ರಿ" ಎಂದಳು.

ಎರಡು ಬರೆಸಲು ಬರುವುದಿಲ್ಲ. ಆ ಅಂಕಣಕ್ಕೆ ಒಂದೇ ಭಾಷೆ. ಅದರ ನಂತರ 'ತಿಳಿದಿರುವ ಇತರ ಭಾಷೆಗಳು' ಎಂಬ ಅಂಕಣವಿದೆ. ಅದರಲ್ಲಿ ಬಲ್ಲ ಕ್ರಮದಲ್ಲಿ ಎರಡನ್ನು ಬರೆಯಬಹುದು, ಹೆಚ್ಚಿಲ್ಲ. ಪುಣೆಯಲ್ಲಿ ಬೆಳೆದ ಹುಡುಗಿಯ ಮಾತೃಭಾಷೆ ಮರಾಠಿ ಎಂದು ಬರೆಸಿದರೆ ಆ ಎರಡು ಜಾಗಗಳಿಗೆ ಹಿಂದಿ ಮತ್ತು ಇಂಗ್ಲಿಷ್ ಮೊದಲೇ ಬಂದು ಕುಳಿತಿರುತ್ತವೆ, ಶಾಲೆಯ ಕೃಪೆಯಿಂದ. ಅವಳು ಅಜ್ಜಿಯಿಂದ ಕೇಳಿ ತಿಳಿಯುವ ಕನ್ನಡಕ್ಕೆ ನಾಲ್ಕನೆಯ ಜಾಗ ನಮೂನೆಯಲ್ಲಿಲ್ಲ. ಕನ್ನಡವೆಂದು ಬರೆಸಿದರೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿ ಒಂದು ಹೊರಗುಳಿಯಬೇಕು, ಮತ್ತು ಅವಳು ಆಡದ ಭಾಷೆಯೊಂದರ 'ಸ್ಪೀಕಿಂಗ್' ಪಟ್ಟಿಗೆ ಸೇರುತ್ತಾಳೆ. ಗಣತಿದಾರರಿಗೆ ಕೊಟ್ಟಿರುವ ಸೂಚನೆ ಮಾತ್ರ ಸ್ಪಷ್ಟವಾಗಿದೆ: ಮನೆಯವರು ಯಾವ ಭಾಷೆಯ ಹೆಸರು ಹೇಳುತ್ತಾರೋ ಅದನ್ನೇ ಪೂರ್ಣವಾಗಿ ಬರೆದುಕೊಳ್ಳಬೇಕು, ವಾದಕ್ಕೆ ಇಳಿಯಬಾರದು.